ಲ್ಯೂಬ್ರಿಕೇಟರ್ ಕಾಲರ್ ಕೈಯಲ್ಲಿ ತಿರುಗದಿದ್ದರೆ ಸುತ್ತಿಗೆ ಯಾಕೆ ಮುಟ್ಟಬಾರದು? ವೈರ್‌ಲೈನ್ ಕೆಲಸದವರು ಹೇಳಿ

ಬಾರ್ಮೇರ್_ಟ್ರೈನಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದವನು. ಈಗ ರಾಜಸ್ಥಾನದ ಬಾರ್ಮೇರ್ ಕಡೆ ವೈರ್‌ಲೈನ್ ತಂಡದಲ್ಲಿ ಟ್ರೈನಿ. ಸೈಟ್‌ನಲ್ಲಿ ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ಆದರೆ ಗಡಿಬಿಡಿಯಲ್ಲಿ ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ನಮ್ಮ ಭಾಷೆಯಲ್ಲಿ ಯಾರಾದರೂ ನಿಧಾನವಾಗಿ ಹೇಳಿಕೊಟ್ಟರೆ ತಲೆಗೆ ಹತ್ತುತ್ತದೆ ಅಂತ ಇಲ್ಲಿ ಕೇಳುತ್ತಿದ್ದೇನೆ.

ಗ್ಯಾಸ್ ಬಾವಿ. ಬಾವಿ ಬಾಯಲ್ಲಿ 3,000 ಪಿಎಸ್‌ಐ ಹತ್ತಿರ ಒತ್ತಡ (ಒಂದು ಚದರ ಇಂಚಿಗೆ ಅಷ್ಟು ಪೌಂಡು ಬಲ). ಅದರ ಮೇಲೆ ಕ್ರೇನ್‌ನಲ್ಲಿ ಲ್ಯೂಬ್ರಿಕೇಟರ್ ಎತ್ತಿ ಕೂರಿಸುತ್ತೇವೆ. ಬಾವಿಗೆ ಇಳಿಸುವ ಟೂಲ್ ಹಿಡಿಸುವ ಉದ್ದನೆಯ ಪೈಪು ಅದು. ಜೋಡಿಸುವ ಯೂನಿಯನ್ ಕಾಲರನ್ನು ಬರೀ ಕೈಯಲ್ಲಿ ತಿರುಗಿಸುತ್ತಾರೆ. ಪೂರ್ತಿ ಕೂತ ಮೇಲೆ ಕಾಲು ಸುತ್ತು ಹಿಂದಕ್ಕೂ ಬಿಡುತ್ತಾರೆ! ಮನೆಯ ನಲ್ಲಿ ಪೈಪಿಗೇ ನಾವು ರೆಂಚ್ ಹಾಕಿ ಬಿಗಿಯುತ್ತೇವೆ, ಅಲ್ವಾ?

ಎರಡನೇ ಪ್ರಶ್ನೆ. ಮೊನ್ನೆ ಕೆಲಸ ಮುಗಿದು ಬಿಚ್ಚುವಾಗ ಕಾಲರ್ ಅಲುಗಲಿಲ್ಲ. ಒಬ್ಬ ಹೆಲ್ಪರ್ ಸುತ್ತಿಗೆ ತರಲು ಹೊರಟ. ಸೂಪರ್‌ವೈಸರ್ ಕೂಗಿ ನಿಲ್ಲಿಸಿದರು. ಎಲ್ಲರನ್ನೂ ದೂರ ಕಳಿಸಿ, ಇನ್ನೊಂದು ಕಡೆಯ ವಾಲ್ವ್‌ನಿಂದ ಮತ್ತೆ ಬ್ಲೀಡ್ ಮಾಡಿಸಿದರು, ಅಂದರೆ ಒಳಗೆ ಉಳಿದದ್ದನ್ನು ಹೊರಬಿಡಿಸಿದರು. ಗ್ಯಾಸ್ ಬಂತು. ಆಮೇಲೆ ಕಾಲರ್ ಕೈಯಲ್ಲೇ ತಿರುಗಿತು. ಆದರೆ ಗೇಜ್ ಮೊದಲಿಂದಲೂ ಸೊನ್ನೆ ತೋರಿಸುತ್ತಿತ್ತು. ನಾನೇ ನೋಡಿದ್ದೆ. ಹಾಗಾದರೆ ಆ ಗ್ಯಾಸ್ ಎಲ್ಲಿತ್ತು?

ಪಶ್ಚಿಮ_ಕಡಲು (ನಿವೃತ್ತ)

ನಿಮ್ಮ ಸೂಪರ್‌ವೈಸರ್‌ಗೆ ನನ್ನ ನಮಸ್ಕಾರ ತಿಳಿಸಿ. ಅವರ ಹತ್ತಿರವೇ ಕೆಲಸ ಕಲಿಯಿರಿ.

ಮೊದಲ ಪ್ರಶ್ನೆ ಸುಲಭ. ಆ ಕಾಲರ್ ಗ್ಯಾಸ್ ತಡೆಯುವುದಿಲ್ಲ. ಗ್ಯಾಸ್ ತಡೆಯುವುದು ಒಳಗಿನ ಓ-ರಿಂಗ್, ಅಂದರೆ ರಬ್ಬರ್ ಬಳೆ. ಕಾಲರ್ ಮಾಡುವುದು ಎರಡು ತುಂಡು ಬೇರೆಯಾಗದಂತೆ ಹಿಡಿಯುವ ಕೆಲಸ ಮಾತ್ರ. ಅದಕ್ಕೆ ಹಲ್ಲು (ಥ್ರೆಡ್) ಪೂರ್ತಿ ಕಚ್ಚಿಕೊಂಡಿದ್ದರೆ ಸಾಕು, ಬಿಗಿಯುವ ಅಗತ್ಯ ಇಲ್ಲ.

ಹಿಡಿಯುವ ಬಲ ಎಷ್ಟು ಅಂತ ನೀವೇ ಲೆಕ್ಕ ಹಾಕಿ. 3 ಇಂಚಿನ ಬೋರ್, ಅಡ್ಡಕೊಯ್ತ ಸುಮಾರು 7 ಚದರ ಇಂಚು. 3,000 ಪಿಎಸ್‌ಐ ಇದ್ದರೆ ಮೇಲಕ್ಕೆ ದೂಡುವ ಬಲ 21,000 ಪೌಂಡು. ಅಂದರೆ ಒಂಬತ್ತೂವರೆ ಟನ್. ಓ-ರಿಂಗ್ ಕೂರುವ ಜಾಗ ಬೋರ್‌ಗಿಂತ ಅಗಲ ಇರುವುದರಿಂದ ನಿಜವಾದ ಬಲ ಇನ್ನೂ ಜಾಸ್ತಿ. ಅಷ್ಟೂ ಕಾಲರ್‌ನ ಹಲ್ಲಿನ ಮೇಲೆ ಬೀಳುತ್ತದೆ.

ಒಳಗೆ ಒತ್ತಡ ಇದ್ದಾಗ ಕಾಲರ್ ಕೈಗೆ ಬರುವುದಿಲ್ಲ ಯಾಕೆ ಅಂತ ಈಗ ಗೊತ್ತಾಯಿತಲ್ಲ? ಬರೀ 100 ಪಿಎಸ್‌ಐ ಉಳಿದಿದ್ದರೂ 300 ಕಿಲೋಗಿಂತ ಜಾಸ್ತಿ ಬಲ ಆ ಹಲ್ಲುಗಳನ್ನು ಒತ್ತಿ ಹಿಡಿದಿರುತ್ತದೆ. ಕೈಯಿಂದ ತಿರುಗಿಸುವ ಪದ್ಧತಿ ಇಟ್ಟಿರುವುದೇ ಅದಕ್ಕೆ. ಒತ್ತಡ ಇಲ್ಲದಿದ್ದರೆ ತಿರುಗುತ್ತದೆ, ಇದ್ದರೆ ತಿರುಗುವುದಿಲ್ಲ. ಆ ಜಾಗದಲ್ಲಿ ಗೇಜ್‌ಗಿಂತ ನಂಬಬೇಕಾದ್ದು ನಿಮ್ಮ ಕೈಯನ್ನೇ. ಸುತ್ತಿಗೆಯೋ ಚೈನ್ ರೆಂಚೋ ಹಾಕಿದರೆ ಆ ಎಚ್ಚರಿಕೆಯನ್ನು ನೀವೇ ಕೊಂದ ಹಾಗೆ. ಹಲ್ಲು ಕೊನೆಯ ಸುತ್ತಿಗೆ ಬಂದಾಗ ಮಿಕ್ಕ ಪೈಪ್ ಹಾರುತ್ತದೆ.

ಕಾಲು ಸುತ್ತು ಹಿಂದಕ್ಕೆ ಬಿಡುವುದೂ ಅದಕ್ಕೇ. ಪೂರ್ತಿ ತಳಕ್ಕೆ ಕೂರಿಸಿದರೆ ಆಮೇಲೆ ಕಾಲರ್ ಹಿಡಿದುಕೊಂಡಿದ್ದು ಒತ್ತಡಕ್ಕೋ ಬಿಗಿತಕ್ಕೋ ಗೊತ್ತಾಗುವುದಿಲ್ಲ.

ಎರಡನೇ ಪ್ರಶ್ನೆಗೆ ಒಂದು ಮಾತು ತಿಳಿಯಬೇಕು. ಅವತ್ತು ಸ್ಲಿಕ್‌ಲೈನ್ (ಒಂಟಿ ತಂತಿ) ಇತ್ತೋ, ಹೆಣೆದ ಕೇಬಲ್ ಸುತ್ತ ಗ್ರೀಸ್ ತಳ್ಳಿ ಸೀಲ್ ಮಾಡುವ ಗ್ರೀಸ್ ಹೆಡ್ ಇತ್ತೋ?

ಬಾರ್ಮೇರ್_ಟ್ರೈನಿ

ಇ-ಲೈನ್ ಸರ್. 7/32 ಇಂಚಿನ ಕೇಬಲ್. ಗ್ರೀಸ್ ಹೆಡ್ ಇತ್ತು.

ಪೀಣ್ಯ_ಮಷೀನಿಸ್ಟ್

ನಾನು ಎಣ್ಣೆ ಬಾವಿ ನೋಡಿದವನಲ್ಲ. ಹೈಡ್ರಾಲಿಕ್ ಭಾಗಗಳಿಗೆ ಸೀಲ್ ಗ್ರೂವ್ ಕೊರೆಯುವುದು ನನ್ನ ಕೆಲಸ. ಓ-ರಿಂಗ್ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ.

ಓ-ರಿಂಗ್ ಬಿಗಿಯುವುದರಿಂದ ಸೀಲ್ ಆಗುವುದಲ್ಲ, ಒತ್ತಡವೇ ಅದನ್ನು ಸೀಲ್ ಮಾಡುತ್ತದೆ. ಗ್ರೂವ್‌ನಲ್ಲಿ ಅದು ಸ್ವಲ್ಪ ಒತ್ತಿಕೊಂಡು ಕೂತಿರುತ್ತದೆ. ಒತ್ತಡ ಬಂದಾಗ ಗ್ರೂವ್‌ನ ಆಚೆ ಗೋಡೆಗೆ ತಳ್ಳಿಸಿಕೊಂಡು ಅಗಲವಾಗಿ ಸಂದನ್ನು ಮುಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ. ಆದರೆ ಲೋಹಗಳ ನಡುವಿನ ಸಂದು ದೊಡ್ಡದಾಗಿದ್ದರೆ ರಬ್ಬರ್ ಆ ಸಂದಿಗೆ ನುಗ್ಗಿ ಅಂಚು ಕಿತ್ತುಬರುತ್ತದೆ. ಅದನ್ನು ತಡೆಯಲು ಹಿಂದೆ ಗಟ್ಟಿಯಾದ ಬ್ಯಾಕಪ್ ರಿಂಗ್ ಹಾಕುತ್ತಾರೆ.

ಟ್ರೈನಿ ತಮ್ಮಾ, ಜೋಡಿಸುವ ಮೊದಲು ಆ ಓ-ರಿಂಗನ್ನು ಉಗುರಿನಿಂದ ಸುತ್ತಲೂ ಸವರಿ ನೋಡು. ಸಣ್ಣ ಗೀರೂ ಉಗುರಿಗೆ ಸಿಗುತ್ತದೆ. ಗ್ರೂವ್‌ನಲ್ಲಿ ಒಂದು ಮರಳಿನ ಕಾಳು ಇದ್ದರೂ ಕೆಲಸ ಕೆಡುತ್ತದೆ. ನೀವಿರುವುದು ಮರಳುಗಾಡು ಬೇರೆ. ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ ಹಾಕಿ.

ಸಾಗರದ_ಓದುಗ

ಕುತೂಹಲಕ್ಕೆ ಓದುತ್ತಿದ್ದೇನೆ. ವೈರ್‌ಲೈನ್ ಅಂದರೆ ಏನು? ಬಾವಿ ಮುಚ್ಚಿ ಕೆಲಸ ಮಾಡಿದರೆ ಆಗುವುದಿಲ್ಲವಾ?

ಲಾಗಿಂಗ್_ಅಕ್ಕ

ತಂತಿ ಅಥವಾ ಕೇಬಲ್ ಕಟ್ಟಿ ಬಾವಿಯೊಳಗೆ ಉಪಕರಣ ಇಳಿಸುವ ಕೆಲಸ. ಎರಡು ಥರ. ಸ್ಲಿಕ್‌ಲೈನ್ ಅಂದರೆ ಒಂದೇ ಎಳೆಯ ನುಣುಪಾದ ಉಕ್ಕಿನ ತಂತಿ. 0.108 ಅಥವಾ 0.125 ಇಂಚು ದಪ್ಪದ್ದು ಜಾಸ್ತಿ ಬಳಕೆಯಲ್ಲಿದೆ. ಒಳಗಿನ ವಾಲ್ವ್, ಪ್ಲಗ್ ಇವನ್ನು ಹಾಕಲು, ತೆಗೆಯಲು. ಇ-ಲೈನ್ ಅಂದರೆ ಒಳಗೆ ಕರೆಂಟಿನ ತಂತಿ, ಹೊರಗೆ ಹೆಣೆದ ಉಕ್ಕಿನ ಎಳೆಗಳು. ಅಳತೆ ತೆಗೆಯುವುದು, ಕೇಸಿಂಗ್‌ಗೆ (ಬಾವಿಯ ಗೋಡೆಗೆ ಹಾಕಿದ ಉಕ್ಕಿನ ಪೈಪಿಗೆ) ತೂತು ಹೊಡೆಯುವುದು ಇದರಲ್ಲಿ.

1927ರ ಸೆಪ್ಟೆಂಬರ್ 5ರಂದು ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ ಶ್ಲಂಬರ್ಜೆ ಸಹೋದರರ ತಂಡ ಮೊದಲ ಬಾರಿ ಬಾವಿಯೊಳಗೆ ವಿದ್ಯುತ್ ಲಾಗ್ (ಆಳಕ್ಕೆ ತಕ್ಕ ಅಳತೆಯ ದಾಖಲೆ) ತೆಗೆಯಿತು. ಕೊರೆಯುತ್ತಿರುವ ಬಾವಿಯಲ್ಲಿ ಭಾರದ ಮಡ್ಡು (ಕೆಸರಿನಂಥ ದ್ರವ) ತುಂಬಿರುತ್ತದೆ. ಅದರ ತೂಕವೇ ಕೆಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಉತ್ಪಾದನೆ ಶುರುವಾದ ಬಾವಿಯ ಕಥೆ ಬೇರೆ. ಅಲ್ಲಿ ಮಡ್ಡು ಇಲ್ಲ, ಗ್ಯಾಸ್ ನೇರ ಬಾವಿ ಬಾಯಿಗೇ ಬಂದು ನಿಂತಿರುತ್ತದೆ. ಭಾರದ ದ್ರವ ತುಂಬಿಸಿ ಅಂಥ ಬಾವಿಯನ್ನು ಸುಮ್ಮನಾಗಿಸಬಹುದು. ಆದರೆ ಆ ದ್ರವ ಬಂಡೆಯ ಸಣ್ಣ ರಂಧ್ರಗಳೊಳಗೆ ಹೋಗಿ ಕೂತರೆ ಮತ್ತೆ ಮೊದಲಿನಷ್ಟು ಉತ್ಪಾದನೆ ಬರದೇ ಹೋಗಬಹುದು. ಅದಕ್ಕೇ ಜೀವಂತ ಬಾವಿಗೇ ಉಪಕರಣ ಇಳಿಸುತ್ತಾರೆ.

ಇಳಿಸುವಾಗ ಬಾವಿ ತೆರೆದೇ ಇರಬೇಕು, ಗ್ಯಾಸ್ ಮಾತ್ರ ಹೊರಗೆ ಬರಬಾರದು. ತಂತಿ ಓಡುತ್ತಲೇ ಇರಬೇಕು, ಅದರ ಸುತ್ತ ಸೀಲ್ ಇರಬೇಕು. ಇದನ್ನು ಸಾಧ್ಯ ಮಾಡುವ ಉಪಕರಣಗಳ ಬಗ್ಗೆ ಇಲ್ಲಿ ಮಾತಾಡುತ್ತಿದ್ದಾರೆ.

ಕುವೈತ್_ಕರಾವಳಿ

ಉಡುಪಿ ಕಡೆಯವನು, ಗಲ್ಫ್‌ನಲ್ಲಿ ವೈರ್‌ಲೈನ್ ಆಪರೇಟರ್. ಓದುಗರಿಗೆ ಚಿತ್ರ ಸಿಗಲಿ ಅಂತ ಕೆಳಗಿಂದ ಮೇಲಕ್ಕೆ ಹೇಳುತ್ತೇನೆ. ಬಾವಿ ಬಾಯಲ್ಲಿ ವಾಲ್ವ್‌ಗಳ ಗೊಂಚಲು ಇದೆ, ಕ್ರಿಸ್‌ಮಸ್ ಟ್ರೀ ಅನ್ನುತ್ತೇವೆ. ಅದರ ತುದಿಯಲ್ಲಿ ಸ್ವಾಬ್ ವಾಲ್ವ್. ಅದರ ಮೇಲೆ ಅಡಾಪ್ಟರ್, ದ್ರವ ತಳ್ಳಲು ಬಾಯಿ ಇರುವ ಪಂಪ್-ಇನ್ ಸಬ್, ಆಮೇಲೆ ಬಿಒಪಿ. ಬಿಒಪಿ ಅಂದರೆ ತಂತಿ ಒಳಗೆ ಇರುವಾಗಲೇ ಅದನ್ನು ಎರಡೂ ಕಡೆಯಿಂದ ರ್‍ಯಾಮ್ ಒತ್ತಿ ಮುಚ್ಚುವ ಸಾಧನ. ಅದರ ಮೇಲೆ ಟೂಲ್ ಟ್ರ್ಯಾಪ್, ಟೂಲ್ ಕೆಳಗೆ ಜಾರಿ ಬಿದ್ದರೆ ತಡೆಯುವ ತಟ್ಟೆ. ಮತ್ತೆ ಲ್ಯೂಬ್ರಿಕೇಟರ್ ಪೈಪುಗಳು. ಟೂಲ್ ಪೂರ್ತಿ ಇದರೊಳಗೆ ಹಿಡಿಸಬೇಕು, ಇಲ್ಲದಿದ್ದರೆ ಸ್ವಾಬ್ ವಾಲ್ವ್ ಮುಚ್ಚಲು ಆಗುವುದಿಲ್ಲ. ತುದಿಯಲ್ಲಿ, ಮೇಲೆ ಬಂದ ಟೂಲನ್ನು ಹಿಡಿದುಕೊಳ್ಳುವ ಟೂಲ್ ಕ್ಯಾಚರ್, ಅದರ ಮೇಲೆ ಸ್ಟಫಿಂಗ್ ಬಾಕ್ಸ್ ಅಥವಾ ಗ್ರೀಸ್ ಹೆಡ್.

ಸ್ಲಿಕ್‌ಲೈನ್ ನುಣುಪು. ಸ್ಟಫಿಂಗ್ ಬಾಕ್ಸ್‌ನ ರಬ್ಬರ್ ಪ್ಯಾಕಿಂಗ್ ಅದನ್ನು ಹಿಡಿಯುತ್ತದೆ. ತಂತಿ ತುಂಡಾಗಿ ಹೊರಗೆ ಚಿಮ್ಮಿದರೆ ಒಳಗಿನ ಪ್ಲಂಜರ್ ಗ್ಯಾಸ್‌ನ ರಭಸಕ್ಕೇ ಮೇಲೇರಿ ತೂತು ಮುಚ್ಚುತ್ತದೆ.

ಹೆಣೆದ ಕೇಬಲ್‌ಗೆ ರಬ್ಬರ್ ಸಾಲದು. ಎಳೆಗಳ ನಡುವಿನ ಸಂದುಗಳಲ್ಲಿ ಗ್ಯಾಸ್ ನುಸುಳುತ್ತದೆ. ಅದಕ್ಕೆ ಕೇಬಲನ್ನು ಫ್ಲೋ ಟ್ಯೂಬ್ ಎಂಬ ಉದ್ದನೆಯ ಕೊಳವೆಗಳೊಳಗೆ ಓಡಿಸುತ್ತೇವೆ. ಕೇಬಲ್‌ಗೂ ಕೊಳವೆಗೂ ಅಂತರ ಇಂಚಿನ ಸಾವಿರದ ಕೆಲವೇ ಭಾಗ. ಆ ಸಂದಿಗೆ ಗಟ್ಟಿ ಗ್ರೀಸನ್ನು ಬಾವಿಗಿಂತ ಹೆಚ್ಚಿನ ಒತ್ತಡದಲ್ಲಿ ತಳ್ಳುತ್ತಲೇ ಇರಬೇಕು. ಸಾಮಾನ್ಯವಾಗಿ ಶೇಕಡ 20ರಷ್ಟು ಮೇಲೆ ಇಡುತ್ತೇವೆ. ಬಾವಿಯಲ್ಲಿ 3,000 ಇದ್ದರೆ ಗ್ರೀಸ್ 3,600. ಗ್ರೀಸ್ ಪಂಪ್ ನಿಂತರೆ ಕೆಲವೇ ಕ್ಷಣದಲ್ಲಿ ಮೇಲಿಂದ ಗ್ಯಾಸ್ ಹಿಸ್ಸೆನ್ನುತ್ತದೆ. ಹಾಗಾಗಿ ಎರಡನೇ ಪಂಪ್ ಸಿದ್ಧ ಇಲ್ಲದೆ ನಾನು ಸ್ವಾಬ್ ತೆರೆಯಲು ಬಿಡುವುದಿಲ್ಲ.

ಒಂದು ವಿಷಯ ಹೊಸಬರಿಗೆ ಆಶ್ಚರ್ಯ ಆಗುತ್ತದೆ. ಬಾವಿಯ ಒತ್ತಡ ಕೇಬಲನ್ನೇ ಹೊರಗೆ ತಳ್ಳುತ್ತದೆ. 7/32 ಇಂಚಿನ ಕೇಬಲ್, 5,000 ಪಿಎಸ್‌ಐ, ತಳ್ಳುವ ಬಲ 188 ಪೌಂಡು. ಅಂದರೆ 85 ಕಿಲೋ. ಅಷ್ಟು ತೂಕ ಟೂಲ್‌ಗೆ ಕಟ್ಟದಿದ್ದರೆ ಅದು ಇಳಿಯುವುದೇ ಇಲ್ಲ. ಒಂದೂವರೆ ಇಂಚಿನ ಉಕ್ಕಿನ ಸಿಂಕರ್ ಬಾರ್ ಅಡಿಗೆ 6 ಪೌಂಡು ತೂಗುತ್ತದೆ. ಬರೀ ಸಮ ಆಗಲಿಕ್ಕೇ 30 ಅಡಿಗಿಂತ ಜಾಸ್ತಿ ಬಾರ್ ಬೇಕು. ಗ್ರೀಸ್ ಹೆಡ್‌ನ ಎಳೆತಕ್ಕೆ ಇನ್ನಷ್ಟು. ಬಾರ್ ಉದ್ದ ಆದಷ್ಟೂ ಲ್ಯೂಬ್ರಿಕೇಟರ್ ಎತ್ತರ. ಅದೇ 5,000ಕ್ಕೆ 0.108 ಸ್ಲಿಕ್‌ಲೈನ್ ಆದರೆ 21 ಕಿಲೋ ಸಾಕು.

ಪಶ್ಚಿಮ_ಕಡಲು (ನಿವೃತ್ತ)

ಕರಾವಳಿಯವರು ಚೆನ್ನಾಗಿ ಹೇಳಿದ್ದಾರೆ. ಈಗ ಟ್ರೈನಿಯ ಎರಡನೇ ಪ್ರಶ್ನೆಗೆ ಬರೋಣ.

ಗ್ರೀಸ್ ಎಲ್ಲಾ ಮೇಲಿನ ಹೋಸ್‌ನಿಂದ ವಾಪಸ್ ಬರುವುದಿಲ್ಲ. ಸ್ವಲ್ಪ ಕೇಬಲ್ ಜೊತೆ ಲ್ಯೂಬ್ರಿಕೇಟರ್ ಒಳಗೇ ಇಳಿಯುತ್ತದೆ. ಗೋಡೆ ಹಿಡಿದು ಜಾರಿ ತಳಕ್ಕೆ ಬರುತ್ತದೆ. ನಿಮ್ಮ ಬ್ಲೀಡ್ ವಾಲ್ವ್ ಇರುವುದೂ ತಳದಲ್ಲೇ. ನೀಡಲ್ ವಾಲ್ವ್‌ನ ತೂತು ಎಷ್ಟು ಸಣ್ಣದು ಅಂತ ನೋಡಿದ್ದೀರಲ್ಲ. ಗ್ರೀಸ್ ಅಲ್ಲಿ ಕೂತು ಗಟ್ಟಿಯಾದರೆ ಆ ದಾರಿ ಬಂದ್. ಗೇಜ್ ಅದೇ ಕವಲಿನಲ್ಲಿ, ಅಡಚಣೆಯ ಆಚೆ ಕಡೆ ಇದ್ದರೆ ಅದು ಸೊನ್ನೆಯನ್ನೇ ತೋರಿಸುತ್ತದೆ. ಗೇಜ್ ಸುಳ್ಳು ಹೇಳಿಲ್ಲ. ಅದು ತೋರಿಸಿದ್ದು ಹೋಸ್‌ನ ಒತ್ತಡ, ಲ್ಯೂಬ್ರಿಕೇಟರ್‌ನದ್ದಲ್ಲ.

ಇನ್ನೊಂದು ಸಾಧ್ಯತೆ ಹೈಡ್ರೇಟ್. ಗ್ಯಾಸ್ ಸಣ್ಣ ತೂತಿನಿಂದ ಹೊರಬರುವಾಗ ತುಂಬಾ ತಣ್ಣಗಾಗುತ್ತದೆ. ಒಳಗೆ ನೀರಿನ ಅಂಶ ಇದ್ದರೆ ಗ್ಯಾಸೂ ನೀರೂ ಸೇರಿ ಹಿಮದಂಥ ಗಟ್ಟಿ ಪದಾರ್ಥ ಆಗುತ್ತದೆ. ಇದಕ್ಕೆ ಸೊನ್ನೆ ಡಿಗ್ರಿ ಬೇಕಿಲ್ಲ. 3,000 ಪಿಎಸ್‌ಐನಲ್ಲಿ 15 ಡಿಗ್ರಿಯಲ್ಲೂ ಕಟ್ಟುತ್ತದೆ. ಅದಕ್ಕೇ ಗ್ಲೈಕಾಲ್ ಅಥವಾ ಮೆಥನಾಲ್ ಹಾಕುವುದು. ಮರಳುಗಾಡಿನ ಚಳಿಗಾಲದ ರಾತ್ರಿಯಲ್ಲಿ ಇದನ್ನು ಮರೆಯಬೇಡಿ.

ಮೂರನೆಯದು, ಸ್ವಾಬ್ ವಾಲ್ವ್ ಸೋರಿಕೆ. ನೀವು ಖಾಲಿ ಮಾಡುತ್ತೀರಿ, ಅದು ಕೆಳಗಿಂದ ಮತ್ತೆ ತುಂಬುತ್ತದೆ. ಬ್ಲೀಡ್ ಮುಚ್ಚಿ ಸ್ವಲ್ಪ ಹೊತ್ತು ಕಾದು ಗೇಜ್ ಏರುತ್ತದೆಯಾ ಅಂತ ನೋಡುವುದು ಇದಕ್ಕೇ. ನೋಡಿಯಾದ ಮೇಲೆ ಬ್ಲೀಡ್ ತೆರೆದಿಟ್ಟೇ ಕಾಲರ್ ಮುಟ್ಟಬೇಕು.

60 ಅಡಿ ಲ್ಯೂಬ್ರಿಕೇಟರ್, 3 ಇಂಚು ಬೋರ್. ಒಳಗಿನ ಜಾಗ 80 ಲೀಟರ್ ಸುಮಾರು. 3,000 ಪಿಎಸ್‌ಐ ಅಂದರೆ ಹೊರಗಿನ ಗಾಳಿಯ 200 ಪಟ್ಟು. ಬಿಟ್ಟರೆ ಕಡಿಮೆ ಎಂದರೂ 16 ಸಾವಿರ ಲೀಟರ್ ಗ್ಯಾಸ್ ಅದು. ಜೋಡಣೆಯ ಒತ್ತಡದ ಟೆಸ್ಟನ್ನು ನೀರು ತುಂಬಿ ಮಾಡುವುದೂ ಇದೇ ಕಾರಣಕ್ಕೆ. ನೀರು ಹೆಚ್ಚು ಕುಗ್ಗುವುದಿಲ್ಲ. ಸೋರಿದರೆ ಒಂದು ಚಿಮ್ಮು, ಒತ್ತಡ ಇಳಿದುಬಿಡುತ್ತದೆ. ಗ್ಯಾಸ್ ಹಾಗಲ್ಲ.

ಕಾಕಿನಾಡ_ಸ್ಲಿಕ್

ಹಿರಿಯರಿಗೆ ಗೌರವ ಕೊಟ್ಟೇ ಒಂದು ಮಾತು. ಕಾಲರ್ ಗಟ್ಟಿ ಆದಾಗೆಲ್ಲ ಒತ್ತಡವೇ ಇರುತ್ತದೆ ಅನ್ನುವುದು ಸರಿಯಲ್ಲ. ಕ್ರೇನ್ ನೇರವಾಗಿ ನಿಂತಿರದಿದ್ದರೆ ಪೈಪ್ ಒಂದು ಕಡೆಗೆ ವಾಲುತ್ತದೆ, ಹಲ್ಲು ಹಿಡಿದುಕೊಳ್ಳುತ್ತದೆ. ಕ್ರೇನ್ ಜಾಸ್ತಿ ಎಳೆದಿದ್ದರೂ ಅಷ್ಟೇ. ಮರಳು ಸಿಕ್ಕಿದ್ದರೂ ಅಷ್ಟೇ. ನಮ್ಮಲ್ಲಿ ಇದೇ ಜಾಸ್ತಿ. ಪ್ರತಿ ಸಲ ಎಲ್ಲರನ್ನೂ ಓಡಿಸಿದರೆ ಕೆಲಸ ಸಾಗುವುದು ಹೇಗೆ? ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದನ್ನು ಅನುಭವಸ್ಥರೇ ಮಾಡುತ್ತಾರೆ.

ಪಶ್ಚಿಮ_ಕಡಲು (ನಿವೃತ್ತ)

ವಾಲಿದರೆ ಹಿಡಿದುಕೊಳ್ಳುತ್ತದೆ ಅನ್ನುವುದು ಪೂರ್ತಿ ನಿಜ. ಒಪ್ಪುತ್ತೇನೆ. ಆದರೆ ನೀವು ಹೇಳಿದ ಎಲ್ಲ ಕಾರಣಗಳಿಗೂ ಸುತ್ತಿಗೆ ಇಲ್ಲದ ಪರಿಹಾರ ಇದೆ. ಕ್ರೇನ್ ಸರಿಪಡಿಸಿ, ಲ್ಯೂಬ್ರಿಕೇಟರ್‌ನ ಭಾರ ಮಾತ್ರ ಹಿಡಿಯುವಷ್ಟು ಎಳೆಯಿರಿ, ಪೈಪನ್ನು ಮೆಲ್ಲಗೆ ಅಲುಗಾಡಿಸಿ, ಮತ್ತೆ ಕೈ ಹಾಕಿ. ವಾಲಿದ್ದೇ ಕಾರಣ ಆದರೆ ಆಗ ಬಿಡುತ್ತದೆ. ಬಿಡಲಿಲ್ಲವಾ? ಒತ್ತಡ ಇದೆ ಅಂತಲೇ ಲೆಕ್ಕ. ಬೇರೆ ಪೋರ್ಟ್‌ನಿಂದ ಬ್ಲೀಡ್ ಮಾಡಿ, ಪಂಪ್-ಇನ್ ಸಬ್ ಕಡೆಯಿಂದ ಗ್ಲೈಕಾಲ್ ತಳ್ಳಿ ದಾರಿ ಬಿಡಿಸಿ.

ಮರದ ಸುತ್ತಿಗೆ ಮೆಲ್ಲಗೆ ತಟ್ಟಿದರೂ ಹಲ್ಲು ತಿರುಗುತ್ತದೆ. ಒಳಗೆ 50 ಪಿಎಸ್‌ಐ ಇದ್ದರೂ 160 ಕಿಲೋ ಬಲ. ತಟ್ಟುವವನ ಮುಖ ಅದರ ಪಕ್ಕದಲ್ಲೇ ಇರುತ್ತದೆ. ಅರ್ಧ ಗಂಟೆ ಉಳಿಸಲು ಆ ಲೆಕ್ಕ ಹಾಕಬೇಡಿ ತಮ್ಮಾ.

ಕುವೈತ್_ಕರಾವಳಿ

ಇದಕ್ಕೆ ನನ್ನದೂ ಒಂದು ದನಿ. ನಾನು ಮೊದಲು ಕೆಲಸ ಮಾಡಿದ ಜಾಗದಲ್ಲಿ ಒಬ್ಬ ಒಳ್ಳೆಯ ಕೆಲಸಗಾರನ ಎರಡೂ ಮುಂಗೈ ಮೂಳೆ ಮುರಿದವು. ಗೇಜ್ ಸೊನ್ನೆ, ಕಾಲರ್ ಗಟ್ಟಿ, ಚೈನ್ ರೆಂಚ್ ಹಾಕಿದರು. ಅಷ್ಟೇ. ಅವತ್ತು ಅಲ್ಲಿದ್ದವರಲ್ಲಿ ಯಾರೂ ದಡ್ಡರಲ್ಲ. ಬೆಳಗಿನ ಜಾವ, ಎಲ್ಲರಿಗೂ ಮನೆಗೆ ಹೋಗುವ ಅವಸರ.

ಕಾಕಿನಾಡ_ಸ್ಲಿಕ್

ಸರಿ ಸರ್. ಕ್ರೇನ್ ಸರಿಮಾಡಿ ಮತ್ತೆ ಕೈ ಹಾಕುವ ಕ್ರಮ ನಮ್ಮ ಟೂಲ್‌ಬಾಕ್ಸ್ ಮೀಟಿಂಗ್‌ನಲ್ಲಿ ಹೇಳಲು ಸುಲಭ ಇದೆ. ಅದನ್ನೇ ಹೇಳುತ್ತೇನೆ.

ಬಾರ್ಮೇರ್_ಟ್ರೈನಿ

ಇವತ್ತು ವರ್ಕ್‌ಶಾಪ್‌ನಲ್ಲಿ ಆ ನೀಡಲ್ ವಾಲ್ವ್ ಬಿಚ್ಚಿದೆವು. ಸರ್ ಹೇಳಿದ ಹಾಗೇ. ಹಳದಿ ಗ್ರೀಸ್ ಕಪ್ಪಗಾಗಿ, ಮರಳು ಸೇರಿ, ಕಡ್ಡಿ ಹಾಕಿ ಚುಚ್ಚಿದರೂ ಬರದಷ್ಟು ಗಟ್ಟಿಯಾಗಿ ಕೂತಿತ್ತು. ಇನ್ನು ಮುಂದೆ ಪ್ರತಿ ಕೆಲಸದ ಮೊದಲು ಅದನ್ನು ಬಿಚ್ಚಿ ತೊಳೆಯಬೇಕು ಅಂತ ಸೂಪರ್‌ವೈಸರ್ ಬರೆಸಿದ್ದಾರೆ. ಗೇಜ್‌ಗೂ ಬೇರೆ ಪೋರ್ಟ್ ಕೊಡುತ್ತಾರಂತೆ.

ವರ್ಕ್‌ಶಾಪ್‌ನಲ್ಲೇ ಬಿಒಪಿ ಕೂಡ ತೆರೆದಿತ್ತು. ಎರಡು ಜೊತೆ ರ್‍ಯಾಮ್. ಕೆಳಗಿನದ್ದನ್ನು ತಲೆಕೆಳಗಾಗಿ ಹಾಕಿದ್ದಾರೆ. ತಪ್ಪಿ ಹಾಕಿದ್ದಾ ಅಂತ ಕೇಳಿದೆ, ಅಲ್ಲ ಅಂದರು.

ಪಶ್ಚಿಮ_ಕಡಲು (ನಿವೃತ್ತ)

ಸರಿಯಾಗೇ ಹಾಕಿದ್ದಾರೆ. ವೈರ್‌ಲೈನ್ ರ್‍ಯಾಮ್ ಒಂದೇ ಕಡೆಯ ಒತ್ತಡ ತಡೆಯುತ್ತದೆ. ಮೇಲಿನದು ಕೆಳಗಿಂದ ಬರುವುದನ್ನು, ತಲೆಕೆಳಗಾದದ್ದು ಮೇಲಿಂದ ಬರುವುದನ್ನು. ಹೆಣೆದ ಕೇಬಲ್ ಮೇಲೆ ಬರೀ ರಬ್ಬರ್ ಮುಚ್ಚಿದರೆ ಎಳೆಗಳ ಸಂದಿನಿಂದ ಗ್ಯಾಸ್ ಬರುತ್ತದಲ್ಲ. ಹಾಗಾಗಿ ಎರಡನ್ನೂ ಮುಚ್ಚಿ ನಡುವೆ ಗ್ರೀಸ್ ತಳ್ಳುತ್ತಾರೆ. ಗ್ರೀಸ್ ಮೇಲಕ್ಕೂ ಹೋಗಬಾರದು, ಕೆಳಗೂ ಹೋಗಬಾರದು. ಆಗ ಅದು ಎಳೆಗಳ ಸಂದು ತುಂಬಿ ನಿಲ್ಲುತ್ತದೆ.

ಇನ್ನೊಂದು. ಮುಚ್ಚಿದ ರ್‍ಯಾಮ್ ತೆರೆಯುವ ಮೊದಲು ಅದರ ಎರಡೂ ಕಡೆ ಒತ್ತಡ ಸಮ ಮಾಡಬೇಕು. ಬಿಒಪಿ ಪಕ್ಕದಲ್ಲಿ ಈಕ್ವಲೈಸಿಂಗ್ ವಾಲ್ವ್ ಇರುವುದು ಅದಕ್ಕೆ. ಸಮ ಮಾಡದೆ ಎಳೆದರೆ ಸೀಲ್ ಹರಿಯುತ್ತದೆ, ಮೇಲಿನ ಖಾಲಿ ಲ್ಯೂಬ್ರಿಕೇಟರ್‌ಗೆ ಗ್ಯಾಸ್ ಒಮ್ಮೆಲೇ ನುಗ್ಗುತ್ತದೆ, ಟೂಲನ್ನೂ ಮೇಲಕ್ಕೆ ಎಸೆಯುತ್ತದೆ. ಕೆಲಸ ಆದ ಮೇಲೆ ಆ ವಾಲ್ವ್ ಮುಚ್ಚಿದ್ದೀರಾ ಅಂತ ನೋಡಿ. ಅದು ತೆರೆದಿದ್ದರೆ ರ್‍ಯಾಮ್ ಮುಚ್ಚಿಯೂ ಪ್ರಯೋಜನ ಇಲ್ಲ.

ಸ್ವಾಬ್ ವಾಲ್ವ್ ಮುಚ್ಚುವಾಗ ಸುತ್ತು ಎಣಿಸುತ್ತೀರಾ?

ಬಾರ್ಮೇರ್_ಟ್ರೈನಿ

ಒಬ್ಬರು ಜೋರಾಗಿ ಎಣಿಸುತ್ತಾರೆ. ಯಾಕೆ ಅಂತ ಕೇಳಿರಲಿಲ್ಲ.

ಲಾಗಿಂಗ್_ಅಕ್ಕ

ತೆರೆಯುವಾಗ ಎಷ್ಟು ಸುತ್ತೋ ಮುಚ್ಚುವಾಗಲೂ ಅಷ್ಟೇ ಬರಬೇಕು. ಕಡಿಮೆ ಬಂದರೆ ಗೇಟ್‌ಗೆ ಏನೋ ಅಡ್ಡ ಇದೆ. ಟೂಲ್ ಪೂರ್ತಿ ಮೇಲೆ ಬಂದಿಲ್ಲ ಅಂತ ಅರ್ಥ. ಜೋರು ಮಾಡಿ ತಿರುಗಿಸಿದರೆ ಕೇಬಲ್ ಕತ್ತರಿಸುತ್ತದೆ, ಟೂಲ್ ಬಾವಿಯ ಪಾಲು. ಆಳದ ಕೌಂಟರ್ ಸೊನ್ನೆ ತೋರಿಸಿದರೂ ಈ ಎಣಿಕೆ ಬಿಡಬೇಡಿ. ಚಕ್ರದ ಮೇಲೆ ಕೇಬಲ್ ಜಾರಿದರೆ ಕೌಂಟರ್ ತಪ್ಪುತ್ತದೆ.

ಕುವೈತ್_ಕರಾವಳಿ

ಟ್ರೈನಿ ತಮ್ಮಾ, ನಿಮ್ಮ ಬಾವಿಯಲ್ಲಿ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್ ಗ್ಯಾಸ್) ಇದೆಯಾ ಕೇಳಿಕೊಳ್ಳಿ. ನಮ್ಮ ಕಡೆ ಇದು ದೊಡ್ಡ ವಿಷಯ. ಅದು ಮೂಗಿಗೆ ಮಾತ್ರ ವಿಷವಲ್ಲ, ಗಟ್ಟಿ ಉಕ್ಕನ್ನೂ ಬಿರುಕು ಬಿಡಿಸುತ್ತದೆ. ಇಂಥ ಬಾವಿಗೆ ಯಾವ ಲೋಹ ಅಂತ ಹೇಳುವ ಐಎಸ್ಒ 15156 ಮಾನದಂಡದ ಪ್ರಕಾರ ಅದರ ಪಾಲಿನ ಒತ್ತಡ 0.05 ಪಿಎಸ್‌ಐ ಮುಟ್ಟಿದರೆ ಯಾವ ಉಕ್ಕು ಅನ್ನುವುದನ್ನು ನೋಡಲೇಬೇಕು. 5,000 ಪಿಎಸ್‌ಐ ಬಾವಿಯಲ್ಲಿ ಅದು ಬರೀ 10 ಪಿಪಿಎಂಗೇ (ಹತ್ತು ಲಕ್ಷಕ್ಕೆ ಹತ್ತು ಭಾಗ) ಬಂದುಬಿಡುತ್ತದೆ. ಕೇಬಲ್, ಓ-ರಿಂಗ್, ಬಿಒಪಿ ಎಲ್ಲಾ ಅದಕ್ಕೆ ತಕ್ಕದ್ದಾಗಿರಬೇಕು. ಪ್ರತಿ ತುಂಡಿನ ಸೀರಿಯಲ್ ನಂಬರ್ ಸರ್ಟಿಫಿಕೇಟ್ ಜೊತೆ ತಾಳೆ ನೋಡುವ ಅಭ್ಯಾಸ ಈಗಲೇ ಮಾಡಿಕೊಳ್ಳಿ.

ಪಂಪ್ ಲೈನ್‌ನಲ್ಲಿ ಸುತ್ತಿಗೆ ಹೊಡೆದು ಬಿಗಿಯುವ ಹ್ಯಾಮರ್ ಯೂನಿಯನ್‌ಗಳನ್ನೂ ನೋಡಿ. 2 ಇಂಚಿನ 602 ಮತ್ತು 1502 ಒಂದಕ್ಕೊಂದು ಸೇರಿಕೊಳ್ಳುತ್ತವೆ. ಮೊದಲನೆಯದು 6,000 ಪಿಎಸ್‌ಐಗೆ, ಎರಡನೆಯದು 15,000ಕ್ಕೆ. ನೋಡಲು ಸರಿಯಾಗೇ ಕೂತ ಹಾಗಿರುತ್ತದೆ. ಹಲ್ಲು ಪೂರ್ತಿ ಕಚ್ಚಿರುವುದಿಲ್ಲ. ಟೆಸ್ಟ್ ತಡೆದು, ಆಮೇಲೆ ಕೆಲಸದ ನಡುವೆ ಕಿತ್ತು ಹಾರಬಹುದು.

ಬಾರ್ಮೇರ್_ಟ್ರೈನಿ

ಕರಾವಳಿ ಅಣ್ಣ, ಬೆಳಿಗ್ಗೆ ಸ್ಟೋರ್‌ನಲ್ಲಿ ಒಂದೊಂದನ್ನೇ ಒರೆಸಿ ನಂಬರ್ ಓದಿದೆ. 1502ರ ಪೆಟ್ಟಿಗೆಯಲ್ಲಿ ಎರಡು 602 ಇದ್ದವು. ಪೇಂಟ್ ಬಳಿದಿದ್ದರಿಂದ ಅಕ್ಷರ ಕಾಣುತ್ತಿರಲಿಲ್ಲ. ಬೇರೆ ಮಾಡಿ ಟ್ಯಾಗ್ ಹಾಕಿ ಸೂಪರ್‌ವೈಸರ್‌ಗೆ ಕೊಟ್ಟಿದ್ದೇನೆ. ಈ ಬಾವಿಯ ಎಚ್2ಎಸ್ ರಿಪೋರ್ಟ್ ಕೂಡ ಕೇಳಿದ್ದೇನೆ. ಸಂಜೆ ಸಿಕ್ಕರೆ ಅಂಕಿ ಇಲ್ಲೇ ಹಾಕುತ್ತೇನೆ, ಲೆಕ್ಕ ಸರಿ ಇದೆಯಾ ನೋಡಿ.